ಹಳೆಯ ಒಡಲಿಗೆ ಹೊಸ ದನಿ

ಚರ್ಮವಾದ್ಯಗಳನ್ನು ನಮ್ಮ ಸಂಗೀತಶಾಸ್ತ್ರಕಾರರು ‘ಅವನದ್ಧ’ವೆಂದು ಕರೆದಿದ್ದಾರೆ. ಹೊದಿಸಿ ಬಿಗಿದದ್ದು ಎಂಬುದು ಆ ಪದದ ಅರ್ಥ. ಹೊದಿಸಬೇಕಾದರೆ ಕೆಳಗೊಂದು ಒಡಲು ಬೇಕು, ಮೇಲೊಂದು ತೊಗಲು ಬೇಕು. ಒಡಲು ಮರದ್ದೋ ಲೋಹದ್ದೋ ಆಗಿ ತಲೆಮಾರುಗಟ್ಟಲೆ ಬಾಳುತ್ತದೆ. ತೊಗಲಾದರೋ ಸವೆಯುತ್ತದೆ, ಹರಿಯುತ್ತದೆ, ಮಳೆಗೆ ಸಡಿಲುತ್ತದೆ, ಕೆಲವೊಮ್ಮೆ ಇಲಿಯ ಪಾಲಾಗುತ್ತದೆ. ಹೀಗಾಗಿ ಹಳೆಯ ಒಡಲನ್ನು ಹುಡುಕಿ ತಂದು ಅದರಿಂದ ಹೊಸ ವಾದ್ಯವನ್ನು ಮಾಡಿಕೊಳ್ಳುವ ಕೆಲಸ ಚರ್ಮವಾದ್ಯದಷ್ಟೇ ಹಳೆಯದಾಗಿರಬೇಕು. ಈಚೆಗೆ ಪಟ್ಟಣದ ತರುಣರು ಮೂಲೆಗೆ ಬಿದ್ದ ಡ್ರಮ್ಮುಗಳ ಒಡಲನ್ನು ಕೊಯ್ದು, ಉಜ್ಜಿ, ತಮಗೆ ಬೇಕಾದ ಅಳತೆಯ ‘ಸ್ನೇರ್ ಡ್ರಮ್’ ಮಾಡಿಕೊಳ್ಳುವ ಹವ್ಯಾಸವನ್ನು ಹಿಡಿದಿದ್ದಾರೆ. ಬಳ್ಳಾರಿಯಲ್ಲಿ ಅಂಥದೊಂದು ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ, ಈ ವಾದ್ಯ ನಮ್ಮ ಸೀಮೆಗೆ ಬಂದ ದಾರಿಯನ್ನೂ, ಅದು ಬರುವ ಮುನ್ನ ಇಲ್ಲಿ ಇದ್ದುದನ್ನೂ ಸ್ವಲ್ಪ ವಿಚಾರಿಸಬೇಕೆನ್ನಿಸಿತು.

ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಕಥೆಯುಂಟು. ಸ್ವಾತಿಯೆಂಬ ಮುನಿ ಮಳೆಗಾಲದ ಒಂದು ದಿನ ನೀರು ತರಲು ಕೊಳಕ್ಕೆ ಹೋದನು. ಆಗ ಮಳೆ ಹಿಡಿಯಿತು. ಚಿಕ್ಕದು, ನಡುವಣದು, ದೊಡ್ಡದು ಎಂದು ಬಗೆಬಗೆಯ ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳು ಬಗೆಬಗೆಯಾಗಿ ಸದ್ದು ಮಾಡಿದವು. ಮುನಿ ಆ ನಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ಪುಷ್ಕರವಾದ್ಯಗಳನ್ನು ನಿರ್ಮಿಸಿದನು. ಕಥೆ ಸೊಗಸಾಗಿದೆ. ಕಿವಿಗೊಟ್ಟು ಕೇಳಿದ ಮುನಿ ಅದರಲ್ಲಿದ್ದಾನೆ, ಒಡಲನ್ನು ಕಟ್ಟಿಕೊಟ್ಟ ಶಿಲ್ಪಿ ಇದ್ದಾನೆ. ತೊಗಲನ್ನು ಸುಲಿದು, ಕೂದಲು ತೆಗೆದು, ಹದಮಾಡಿ ತಂದುಕೊಟ್ಟವನು ಯಾರು? ಅವನ ಹೆಸರು ಬರುವುದಿಲ್ಲ. ಮುಂದಿನ ಚರಿತ್ರೆಯಲ್ಲಿಯೂ ಅವನ ಹೆಸರು ಅಪರೂಪವೇ.

ಕುರುಗೋಡಿನ ಬೆಟ್ಟದ ಬುಡದಲ್ಲಿರುವ ಹಳೆಯ ಗುಡಿಗಳನ್ನು ನೋಡಿದವರಿಗೆ ಆ ಊರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. 12ನೆಯ ಶತಮಾನದಲ್ಲಿ ಸಿಂದವಂಶದ ಒಂದು ಶಾಖೆ ಅಲ್ಲಿಂದ ಆಳುತ್ತಿತ್ತು. ಆ ಕಾಲದ ಮಾಂಡಲಿಕರ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಪರಿಚಿತವಾದದ್ದು. ಐದು ಬಗೆಯ ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕನ್ನು ಸಾರ್ವಭೌಮನಿಂದ ಪಡೆದವನು ಎಂದು ಅದರ ಅಭಿಪ್ರಾಯ. ಆ ಐದು ಯಾವುವು? ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸುತ್ತದೆ. ತಮ್ಮಟವೆಂದರೆ ನಮ್ಮ ತಮಟೆಯೇ! ಇಂದು ಹಲಗೆಯೆಂದೂ, ನಮ್ಮ ಕಡೆ ತೆಲುಗಿನ ನೆರೆಯಿಂದ ಡಪ್ಪೆಂದೂ ಕರೆಯಿಸಿಕೊಳ್ಳುವ ವಾದ್ಯದ ಬಂಧು ಅದು. ಅರಸನಿಗೆ ಬಿರುದಾಗಿ ಬಂದ ವಾದ್ಯವನ್ನು ಬಾರಿಸುತ್ತಿದ್ದವನು ಊರ ಹೊರಗಿನವನಾದದ್ದು ಹೇಗೆಂಬ ಪ್ರಶ್ನೆಯನ್ನು ಚರಿತ್ರಕಾರರು ಇನ್ನೂ ಹೆಚ್ಚು ಗಟ್ಟಿಯಾಗಿ ಕೇಳಬೇಕಾಗಿದೆ. ಕುರುಗೋಡಿನಲ್ಲಿ ಸಿಂದರಿದ್ದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ತೊಗಲು ಹದಮಾಡುವ ಡೋಹರ ಕಕ್ಕಯ್ಯನವರೂ, ಪಾದರಕ್ಷೆ ಹೊಲಿಯುವ ಹರಳಯ್ಯನವರೂ ಶರಣರ ಸಾಲಿನಲ್ಲಿ ಕುಳಿತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕಸುಬು ಅವರ ಹೆಸರಿಗೆ ಅಂಟಿಕೊಂಡೇ ಇತ್ತು, ಅದಕ್ಕೆ ಅವರು ನಾಚಲಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಸಾಕ್ಷಿ ಕಲ್ಲಿನಲ್ಲಿಯೇ ಇದೆ. ಹಂಪಿಯ ಮಹಾನವಮಿ ದಿಬ್ಬದ ಸುತ್ತಲ ಪಟ್ಟಿಕೆಗಳಲ್ಲಿ ಕುಣಿಯುವವರೂ, ಕೋಲಾಟದವರೂ, ಚರ್ಮವಾದ್ಯಗಳನ್ನು ನುಡಿಸುವವರೂ ಸಾಲುಸಾಲಾಗಿದ್ದಾರೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ತುಗೀಸ ದೊಮಿಂಗೊ ಪಯಸ್ ನವರಾತ್ರಿಯ ಉತ್ಸವವನ್ನು ವರ್ಣಿಸುವಾಗ ಕಹಳೆ ನಗಾರಿಗಳ ಅಬ್ಬರವನ್ನು ಮರೆತಿಲ್ಲ. ಅದಕ್ಕಿಂತ ಮುಂಚೆ, 15ನೆಯ ಶತಮಾನದಲ್ಲಿ, ಶಾರ್ಙ್ಗದೇವನ ‘ಸಂಗೀತರತ್ನಾಕರ’ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನು ಇಮ್ಮಡಿ ದೇವರಾಯನ ಆಶ್ರಯದಲ್ಲಿ ಇದ್ದವನು. ಎಂದರೆ ವಾದ್ಯದ ಶಾಸ್ತ್ರವೂ ವಾದ್ಯದ ಸದ್ದೂ ಒಂದೇ ಊರಿನಲ್ಲಿ ಇದ್ದವು. ಎರಡೂ ಒಂದರೊಡನೊಂದು ಮಾತಾಡಿದವೆ ಎಂಬುದು ಬೇರೆ ಮಾತು.

ಅರಸುತನ ಹೋದ ಮೇಲೂ ತಮಟೆ ಉಳಿಯಿತು. ತೇರಿನ ಮುಂದೆ, ಹೆಣದ ಮುಂದೆ, ಸರಕಾರದ ಆಜ್ಞೆಯ ಮುಂದೆ ಅದು ನಡೆಯಿತು. ಕಂದಾಯ ಕಟ್ಟಿರೆಂದು, ಜಪ್ತಿಯಾದ ಹೊಲ ಹರಾಜಿಗಿದೆಯೆಂದು ಸಾರಲು ಡಂಗುರವೇ ಬೇಕಾಗಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವನ್ನು ತೆರೆದು ನೋಡಿದರೆ, ಸ್ಥಿರಾಸ್ತಿಯ ಜಪ್ತಿಯನ್ನು ಡಂಗುರ ಹೊಡೆಸಿಯಾಗಲಿ ವಾಡಿಕೆಯ ಬೇರೆ ರೀತಿಯಿಂದಾಗಲಿ ಆ ಸ್ಥಳದಲ್ಲಿ ಸಾರಬೇಕೆಂದು ಇಂದಿಗೂ ಇದೆ. ಮದರಾಸು ಅಧಿಪತ್ಯದ ಅಧಿಕಾರಿಗಳು ಇದನ್ನು ‘ಟಾಂಟಾಂ’ ಎಂದರು. ಬಳ್ಳಾರಿಯ ಹಳಬರ ಬಾಯಲ್ಲಿ ‘ಟಾಂಟಾಂ ಹಾಕಿಸು’ ಎಂಬ ಮಾತು ಬಹುಕಾಲ ಉಳಿದಿತ್ತು. ಈ ಪದ ನಮ್ಮ ದೇಶಭಾಷೆಗಳಿಂದಲೇ ಇಂಗ್ಲಿಷಿಗೆ ಹೋದದ್ದು. 1886ರಲ್ಲಿ ಅಚ್ಚಾದ ‘ಹಾಬ್ಸನ್ ಜಾಬ್ಸನ್’ ಕೋಶದಲ್ಲಿ ಅದಕ್ಕೊಂದು ನಮೂದೇ ಇದೆ. ಮುಂದೆ ಅಮೆರಿಕದ ವಾದ್ಯಗಾರರು ತಮ್ಮ ಡ್ರಮ್‌ಸೆಟ್ಟಿಗೆ ಚೀನಾದ ಬಣ್ಣಬಣ್ಣದ ಡೋಲುಗಳನ್ನು ಸೇರಿಸಿಕೊಂಡಾಗ ಅವುಗಳಿಗೆ ಇದೇ ಹೆಸರನ್ನು ಅಂಟಿಸಿದರು. ವಾದ್ಯ ಚೀನಾದ್ದು, ಹೆಸರು ನಮ್ಮದು! ಈಗ ಅದೇ ಪದ ‘ಟಾಮ್’ ಎಂದು ಮೊಟಕಾಗಿ ಬಳ್ಳಾರಿಯ ಆರ್ಕೆಸ್ಟ್ರಾದ ಹುಡುಗರ ಬಾಯಿಗೆ ಮರಳಿ ಬಂದಿದೆ. ಹೋದ ಹಾದಿಯೂ ಬಂದ ಹಾದಿಯೂ ಗೊತ್ತಿಲ್ಲದೆ ಅವರು ಅದನ್ನು ಅಪ್ಪಟ ವಿಲಾಯತಿ ಮಾತೆಂದೇ ತಿಳಿದಿದ್ದಾರೆ.

ಸೈಡ್ ಡ್ರಮ್ಮಿನ ವಿಷಯ ಬೇರೆ. ಅದು ದಂಡಿನೊಡನೆ ಬಂದದ್ದು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪೆನಿ ಸರಕಾರಕ್ಕೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಈ ನಾಡಿಗೆ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಬಳ್ಳಾರಿಯಲ್ಲಿ ದೊಡ್ಡ ದಂಡು ನಿಂತಿತು. ಅದರ ನೆರಳಿನಲ್ಲಿ ಕೌಲ್‌ಬಜಾರು ಬೆಳೆಯಿತು. ಕಂಪೆನಿಯ ಸಿಪಾಯಿ ಪಲ್ಟನ್ನುಗಳಲ್ಲಿಯೂ ಐರೋಪ್ಯ ಮಾದರಿಯ ಡ್ರಮ್ಮಿನವರು, ಫೈಫೆಂಬ ಸಣ್ಣ ಕೊಳಲಿನವರು ಇರುತ್ತಿದ್ದರು. ಬೆಳಗ್ಗೆ ಏಳುವುದಕ್ಕೆ, ಸಾಲುಗೂಡುವುದಕ್ಕೆ, ರಾತ್ರಿ ಬಿಡಾರಕ್ಕೆ ಮರಳುವುದಕ್ಕೆ ಒಂದೊಂದು ಬಡಿತ ಗೊತ್ತಾಗಿತ್ತು. ಗಡಿಯಾರವಿಲ್ಲದ ಊರಿಗೆ ದಂಡಿನ ಡ್ರಮ್ಮು ಹೊತ್ತು ತಿಳಿಸಿರಲೂ ಸಾಕು. ಸ್ವಾರಸ್ಯವೆಂದರೆ, ಇದೇ ಬಳ್ಳಾರಿಯಲ್ಲಿ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲಸಿದರು. ಅವರ ಬಳಿಕ ಬಂದ ವಿಲಿಯಂ ರೀವ್ ಕನ್ನಡ ಪಂಡಿತರ ನೆರವಿನಿಂದ ಪದಗಳನ್ನು ಕೂಡಿಹಾಕಿ 1824ರಲ್ಲಿ ಇಂಗ್ಲಿಷ್‌–ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಒಂದು ಕಡೆ ಡ್ರಮ್ಮಿನ ಬಡಿತ, ಇನ್ನೊಂದು ಕಡೆ ಪಂಡಿತರು ಪದ ಹೇಳುವ ದನಿ. ಆ ಬಳ್ಳಾರಿಯನ್ನು ಕಲ್ಪಿಸಿಕೊಳ್ಳುವುದು ನನ್ನಂಥ ಕನ್ನಡ ಮೇಷ್ಟರಿಗೆ ಪ್ರಿಯವಾದ ಕೆಲಸ.

ಈ ಡ್ರಮ್ಮಿನ ಮನೆತನವನ್ನು ಹೇಳುವುದಾದರೆ, ಯೂರೋಪಿನಲ್ಲಿ 15ನೆಯ ಮತ್ತು 16ನೆಯ ಶತಮಾನಗಳಲ್ಲಿ ಸ್ವಿಸ್ ಮತ್ತು ಜರ್ಮನ್ ಕಾಲಾಳುಗಳು ಕೊಳಲಿನೊಂದಿಗೆ ಇದನ್ನು ದಂಡಿನ ವಾದ್ಯವನ್ನಾಗಿ ಮಾಡಿದರು. ಪಟ್ಟಿಯಿಂದ ಹೆಗಲಿಗೆ ತೂಗುಹಾಕಿ ಎಡತೊಡೆಯ ಪಕ್ಕಕ್ಕೆ ಓರೆಯಾಗಿ ಇಟ್ಟುಕೊಳ್ಳುತ್ತಿದ್ದುದರಿಂದ ‘ಸೈಡ್’ ಡ್ರಮ್ಮು. ಓರೆಯಾದ ಮುಖವನ್ನು ಬಾರಿಸಲು ಎಡಗೈಯ ಕಡ್ಡಿಯನ್ನು ಅಂಗೈ ಮೇಲುಮಾಡಿ, ಹೆಬ್ಬೆರಳ ಸಂದಿನಲ್ಲಿ, ಹೆಚ್ಚುಕಡಮೆ ಲೇಖನಿಯಂತೆ ಹಿಡಿಯಬೇಕಾಯಿತು. ಈಗ ಡ್ರಮ್ಮನ್ನು ಮಟ್ಟಸವಾಗಿ ಸ್ಟ್ಯಾಂಡಿನ ಮೇಲೆ ಇಡುತ್ತಾರೆ. ಆದರೂ ಎಡಗೈಯನ್ನು ಅದೇ ಹಳೆಯ ರೀತಿಯಲ್ಲಿ ಹಿಡಿಯುವವರು ಲೋಕದಲ್ಲೆಲ್ಲ ಇದ್ದಾರೆ. ಆಗಸ್ಟ್ 15ರ ಕವಾಯತಿಗೆ ಅಭ್ಯಾಸ ಮಾಡುವ ನಮ್ಮ ಶಾಲೆಗಳ ಹುಡುಗರಲ್ಲಿಯೂ ಒಬ್ಬಿಬ್ಬರ ಎಡಗೈ ಹಾಗೆಯೇ ತಿರುಗಿರುತ್ತದೆ. ಯಾಕಪ್ಪಾ ಎಂದರೆ, ‘ಹಿಂದಿನವರು ಹಾಗೇ ಹಿಡೀತಿದ್ರು ಸಾರ್’ ಎನ್ನುತ್ತಾರೆ. ಐನೂರು ವರ್ಷದ ಹಿಂದಿನ ಸ್ವಿಸ್ ಸಿಪಾಯಿಯ ತೊಡೆ ಸಿರುಗುಪ್ಪದ ಹುಡುಗನ ಎಡಗೈಯನ್ನು ತಿರುಗಿಸಿದೆ.

ಇನ್ನು ‘ಸ್ನೇರ್’. ಇಂಗ್ಲಿಷಿನಲ್ಲಿ ಈ ಪದಕ್ಕೆ ಕುಣಿಕೆ, ಉರುಲು ಎಂಬ ಅರ್ಥವೂ ಇದೆ. ಮೂಲದಲ್ಲಿ ಅದು ಬರಿಯ ಹುರಿ. ಡ್ರಮ್ಮಿನ ಕೆಳಮುಖಕ್ಕೆ ತಾಗುವಂತೆ ಕುರಿಯ ಕರುಳಿನ ಎಳೆಗಳನ್ನು ಅಡ್ಡವಾಗಿ ಬಿಗಿಯುತ್ತಿದ್ದರು. ಮೇಲುಮುಖವನ್ನು ಹೊಡೆದಾಗ ಒಳಗಿನ ಗಾಳಿ ಕೆಳಮುಖವನ್ನು ನೂಕುತ್ತದೆ. ಆ ಮುಖ ಎಳೆಗಳಿಗೆ ಬಡಿಯುತ್ತದೆ. ಒಂದು ‘ಢಂ’ಕಾರ ಸಾವಿರ ಚೂರಾಗಿ ‘ಝರ್’ ಎಂದು ಚದರುತ್ತದೆ. ಎಳೆ ಸಡಿಲಿಸಿದರೆ ಅದು ಬರಿಯ ಡೋಲು, ಬಿಗಿದರೆ ಸೈಡ್ ಡ್ರಮ್ಮು. ಕರುಳಿನ ಬದಲು ಈಗ ಸುರುಳಿ ಸುತ್ತಿದ ಉಕ್ಕಿನ ತಂತಿಗಳು, ಸಾಮಾನ್ಯವಾಗಿ ಇಪ್ಪತ್ತು, ಒಂದು ಪಟ್ಟಿಯಲ್ಲಿ ಬರುತ್ತವೆ. ಹಗ್ಗದಿಂದ ಬಿಗಿಯುತ್ತಿದ್ದ ಮುಖಗಳನ್ನು ತಿರುಪಿನಿಂದ ಬಿಗಿಯುವ ಏರ್ಪಾಡಿಗೆ ಲಂಡನ್ನಿನಲ್ಲಿ ಕಾರ್ನೀಲಿಯಸ್ ವಾರ್ಡ್ ಎಂಬವನು 1837ರಲ್ಲಿ ಹಕ್ಕುಪತ್ರ ಪಡೆದನು.

ಈ ‘ಝರ್’ ನಮಗೆ ಹೊಸದೇ? ವಾದ್ಯ ಹೊಸದು, ತತ್ತ್ವ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಹತ್ತಿಯ ಎಳೆಯನ್ನು ಸರಿಸಿ ಇಡುತ್ತಾರೆ. ಅದಿಲ್ಲದಿದ್ದರೆ ತಂತಿ ಮೊಂಡಾಗಿ ನುಡಿಯುತ್ತದೆ. ಎಳೆ ತನ್ನ ಜಾಗಕ್ಕೆ ಬಂದೊಡನೆ ನಾದಕ್ಕೆ ಒಂದು ಗುಂಗು ಹತ್ತುತ್ತದೆ. ಆ ಎಳೆಗೆ ನಮ್ಮವರು ಇಟ್ಟ ಹೆಸರು ‘ಜೀವ’. 1930ರ ದಶಕದಲ್ಲಿ ವಾಲ್ಟರ್ ಕೌಫ್ಮನ್ ಅವರು ರಚಿಸಿದ ಆಕಾಶವಾಣಿಯ ಮೊದಲ ನಾದವನ್ನು ಬೆಳಗಿನ ಹೊತ್ತು ಕೇಳುವ ಶ್ರೋತೃಗಳು ಪಿಟೀಲಿನ ಹಿಂದೆ ಮೊರೆಯುವ ತಂಬೂರಿಯನ್ನು ಗಮನಿಸಿದರೆ ನಾನು ಹೇಳುವುದು ಕಿವಿಗೆ ಗೊತ್ತಾಗುತ್ತದೆ. ಮೃದಂಗದ ಬಲಮುಖದಲ್ಲಿ ಹೊರತೊಗಲಿಗೂ ಒಳತೊಗಲಿಗೂ ನಡುವೆ ಸಣ್ಣ ಹುಲ್ಲುಕಡ್ಡಿಗಳನ್ನು ಸೇರಿಸಿ ದನಿಗೆ ಝೇಂಕಾರ ತರುವ ‘ಕುಚ್ಚಿ’ಯ ಪದ್ಧತಿಯೂ ಇದರದೇ ಬಳಗ. ಕೇರಳದ ಇಡಕ್ಕದಲ್ಲಂತೂ ಮುಖದ ಮೇಲೆ ಸಣ್ಣ ನಾರಿನ ಎಳೆಯನ್ನೇ ಹಾಯಿಸಿರುತ್ತಾರೆ. ಯೂರೋಪಿನವರು ಆ ಎಳೆಯಲ್ಲಿ ಉರುಲನ್ನು ಕಂಡರು, ನಾವು ಜೀವವನ್ನು ಕಂಡೆವು. ಹೆಸರಿನ ಮೇಲೆ ಜನಾಂಗದ ಗುಣವನ್ನು ಅಳೆಯುವ ಚಾಳಿ ನನಗಿಲ್ಲ. ಆದರೂ ಪದಗಳ ಬೆನ್ನುಹತ್ತಿದವನಿಗೆ ಇಂಥದು ಸಿಕ್ಕಾಗ ಹೇಳದೆ ಇರಲಾಗದು.

ದಂಡಿನ ಡ್ರಮ್ಮು ಮದುವೆಯ ಡ್ರಮ್ಮಾದ ಬಗೆಯನ್ನು ಬಹುಮಟ್ಟಿಗೆ ಊಹಿಸಬೇಕು. ದಂಡಿದ್ದ ಊರುಗಳಲ್ಲಿ ಅದರ ವಾದ್ಯಗಳ ಅನುಕರಣೆಯಿಂದ ಬ್ಯಾಂಡ್ ಸೆಟ್ಟುಗಳು ಹುಟ್ಟಿದವು. ಕೆಂಪು ಕೋಟು, ಜರಿಯ ಭುಜಪಟ್ಟಿ, ಕ್ಲಾರಿಯೊನೆಟ್ಟು, ಎಲ್ಲಕ್ಕೂ ಆ ಮೂಲವೇ. ನಮ್ಮ ಭಾಗದ ಮದುವೆ ಮೆರವಣಿಗೆಯಲ್ಲಿ ಡೊಳ್ಳು, ಹಲಗೆ, ಕರಡಿಮಜಲು ಇವೆಲ್ಲ ಇದ್ದೇ ಇದ್ದವು. ಅವುಗಳ ಪಕ್ಕಕ್ಕೆ ಸೈಡ್ ಡ್ರಮ್ಮು ಬಂದು ನಿಂತಿತು. ತುಂಗಭದ್ರೆಯ ನೀರು ಕಾಲುವೆಯಲ್ಲಿ ಹರಿದು ಸಿರುಗುಪ್ಪದ ಸುತ್ತ ಬತ್ತ ಬೆಳೆಯತೊಡಗಿದ ಮೇಲೆ ಮದುವೆಗಳೂ ದೊಡ್ಡವಾದವು, ಬ್ಯಾಂಡುಗಳೂ ಹೆಚ್ಚಿದವು. ಆಮೇಲೆ ಆರ್ಕೆಸ್ಟ್ರಾ ಬಂದಿತು, ಅದರೊಡನೆ ಪೂರಾ ಡ್ರಮ್‌ಸೆಟ್ಟು. ಅದರ ಬೆನ್ನಿಗೇ ಅಂಗೈಯಗಲದ ರಬ್ಬರು ತಟ್ಟಿದರೆ ಯಾವ ಸದ್ದು ಬೇಕೋ ಆ ಸದ್ದು ಬರುವ ರಿದಂ ಪ್ಯಾಡು. ಡ್ರಮ್‌ಸೆಟ್ಟುಗಳು ಅಟ್ಟ ಸೇರಿದವು, ಅಟ್ಟದಿಂದ ಗುಜರಿಗೆ ಇಳಿದವು.

ನಾನು ನೋಡಿದ ಕೆಲಸಕ್ಕೆ ಸಾಮಗ್ರಿ ಬಂದದ್ದು ಅಲ್ಲಿಂದಲೇ. ಮಾಡಿದವನು ನಮ್ಮ ನೆರೆಮನೆಯ ಹುಡುಗ. ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತವನು. ತಂದೆ ಸಿರುಗುಪ್ಪದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಸೈಡ್ ಡ್ರಮ್ಮು ಬಾರಿಸುವವರು. ಅವನ ಬಳಿ ಎರಡು ಹಾಳು ಡ್ರಮ್ಮುಗಳಿದ್ದವು. ಒಂದು, ಆರ್ಕೆಸ್ಟ್ರಾದವರು ಬಿಸಾಟ ಮೂರು ಕಾಲಿನ ದೊಡ್ಡ ಟಾಮ್. ಅಗಲ 14 ಅಂಗುಲ, ಎತ್ತರವೂ 14 ಅಂಗುಲ. ಮರದ ಪದರಗಳ ಒಡಲು ಗಟ್ಟಿಯಾಗಿತ್ತು, ಮೇಲಿನ ಲೋಹವೆಲ್ಲ ಹೋಗಿತ್ತು. ಇನ್ನೊಂದು ತಂದೆಯ ಹಳೆಯ ಸೈಡ್ ಡ್ರಮ್ಮು. ತಗಡಿನ ಒಡಲು ತುಕ್ಕು ಹಿಡಿದು ತೂತುಬಿದ್ದಿತ್ತು, ಆದರೆ ಬಳೆಗಳೂ ಬೋಲ್ಟುಗಳೂ ತಂತಿಯನ್ನು ಬಿಗಿಮಾಡುವ ಸನ್ನೆಯೂ ಸರಿಯಾಗಿದ್ದವು. ಒಂದರ ಮೈಗೆ ಇನ್ನೊಂದರ ಆಭರಣ. ಅಗಲ ಎರಡಕ್ಕೂ ಒಂದೇ ಆಗಿದ್ದುದು ಅದೃಷ್ಟ. ಅದು ಒಂದಾಗದಿದ್ದರೆ ಈ ಕೆಲಸವೇ ಇಲ್ಲ.

ಎಷ್ಟು ಎತ್ತರಕ್ಕೆ ಕೊಯ್ಯಬೇಕೆಂಬುದನ್ನು ಅವನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ಮೇಲಿನ ಬಳೆಯಿಂದ ಕೆಳಗಿನ ಬಳೆಯವರೆಗೆ ಹಾಯುವ ಬೋಲ್ಟುಗಳ ಉದ್ದವೇ ಅದನ್ನು ಗೊತ್ತುಮಾಡಿತು. 6 ಅಂಗುಲ. ದುಂಡಗಿನ ಮೈಯ ಮೇಲೆ ನೇರ ಗೆರೆ ಎಳೆಯುವುದು ಕಷ್ಟವೆಂದು ವಾಚಕರು ತಿಳಿದಾರು. ಅವನು ಅಗಲವಾದ ಕಾಗದದ ಪಟ್ಟಿಯನ್ನು ಒಡಲಿನ ಸುತ್ತ ಬಿಗಿಯಾಗಿ ಸುತ್ತಿ, ಅದರ ಅಂಚು ಅಂಚಿಗೆ ಸರಿಯಾಗಿ ಕೂಡುವಂತೆ ಮಾಡಿ, ಆ ಅಂಚಿಗೇ ಪೆನ್ಸಿಲು ಎಳೆದನು. ಸಣ್ಣ ಹಲ್ಲಿನ ಗರಗಸದಿಂದ, ಒಡಲನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಒಂದು ಮಧ್ಯಾಹ್ನವೆಲ್ಲ ಕೊಯ್ದನು. ಅವಸರಪಟ್ಟರೆ ಪದರ ಎದ್ದುಬರುತ್ತದೆ. ಅದಕ್ಕೆ ಗೆರೆಯ ಮೇಲೆ ಅಂಟುಪಟ್ಟಿ ಹಾಕಿಕೊಂಡಿದ್ದನು.

ಮುಂದಿನ ಕೆಲಸಕ್ಕೆ ನಮ್ಮ ಮನೆಯ ಕಡಪಕಲ್ಲಿನ ನೆಲ ಒದಗಿತು. ಚಪ್ಪಟೆಯಾದ ಚಪ್ಪಡಿಯ ಮೇಲೆ ಉಪ್ಪುಕಾಗದವನ್ನು ಅಂಟಿಸಿ, ಒಡಲನ್ನು ಬೋರಲು ಹಾಕಿ, ಅಕ್ಕಿ ಬೀಸುವಂತೆ ಸುತ್ತಿಸುತ್ತ ಅಂಚನ್ನು ಉಜ್ಜಿದನು. ಆಮೇಲೆ ದೀಪ ಆರಿಸಿ, ಒಡಲಿನೊಳಗೆ ಒಂದು ಟಾರ್ಚು ಇಟ್ಟನು. ಅಂಚಿನ ಕೆಳಗಿಂದ ಬೆಳಕು ಇಣುಕಿದ ಕಡೆ ತಗ್ಗಿದೆಯೆಂದು ಅರ್ಥ. ಬೆಳಕು ಪೂರ್ತಿ ನಿಲ್ಲುವವರೆಗೆ ಮೂರು ಸಂಜೆ ಇದೇ ನಡೆಯಿತು. ಅಂಚು ಮಟ್ಟವಾದ ಮೇಲೆ ಒಳಮಗ್ಗುಲನ್ನು ಅರ್ಧ ಲಂಬಕೋನದಷ್ಟು, ಎಂದರೆ 45 ಡಿಗ್ರಿ, ಓರೆಯಾಗಿ ಹೆರೆದನು. ಚರ್ಮ ಅಗಲವಾದ ಮರದ ಮೇಲೆ ಕುಳಿತರೆ ದನಿ ಸತ್ತುಹೋಗುತ್ತದೆ, ಒಂದು ಗೆರೆಯ ಮೇಲೆ ನಿಂತರೆ ಬದುಕುತ್ತದೆ. ಕೊನೆಗೆ ಕೆಳಅಂಚಿನಲ್ಲಿ, ತಂತಿಪಟ್ಟಿ ಹಾಯುವ ಎರಡು ಎದುರುಬದುರು ಜಾಗಗಳಲ್ಲಿ, ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ, ಕಣ್ಣಿಗೆ ಕಾಣದಷ್ಟು ನಯವಾಗಿ ಇಳಿಯುವ ತಗ್ಗು. ಈ ತಗ್ಗೇ ಸ್ನೇರ್ ಡ್ರಮ್ಮಿನ ಗುಟ್ಟು. ಅದಿಲ್ಲದಿದ್ದರೆ ತಂತಿ ಮುಖಕ್ಕೆ ಅಪ್ಪಿಕೊಳ್ಳದೆ ಗಿಲಕಿಯಂತೆ ಕಲಕಲ ಎನ್ನುತ್ತದೆ. ಟಾಮನ್ನು ಸ್ನೇರ್ ಮಾಡಹೊರಟ ಎಷ್ಟೋ ಜನ ತಂತಿ ಕಟ್ಟಿ, ತಗ್ಗು ತೆಗೆಯದೆ, ಡ್ರಮ್ಮನ್ನೇ ಬೈಯುತ್ತಾರಂತೆ. ಗಾಳಿ ಆಡುವುದಕ್ಕೆ ಒಡಲಿನಲ್ಲಿ ಒಂದು ಸಣ್ಣ ತೂತು ಮೊದಲೇ ಇತ್ತು.

ಇಷ್ಟಾದ ಮೇಲೆ ಮುಖದ ಪ್ರಶ್ನೆ. ಅಂಗಡಿಯಲ್ಲಿ ಸಿಗುವುದೆಲ್ಲ ಪ್ಲಾಸ್ಟಿಕ್ಕಿನದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಪಾಲಿಯೆಸ್ಟರಿನ ತೆಳುಹಾಳೆ ಬಳಕೆಗೆ ಬಂದಿತು. 1957ರ ಸುಮಾರಿಗೆ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಎಂಬಿಬ್ಬರು ಬೇರೆಬೇರೆಯಾಗಿ ಅದನ್ನು ಡ್ರಮ್ಮಿನ ಮುಖವಾಗಿ ಮಾರುಕಟ್ಟೆಗೆ ತಂದರು. ಮಳೆಗೆ ಸಡಿಲದ, ಬಿಸಿಲಿಗೆ ಬಿರಿಯದ, ಒಂದರಂತೆ ಇನ್ನೊಂದಿರುವ ಮುಖ. ಹತ್ತೇ ವರ್ಷದಲ್ಲಿ ಕರುವಿನ ತೊಗಲು ಡ್ರಮ್‌ಸೆಟ್ಟಿನಿಂದ ಬಹುಮಟ್ಟಿಗೆ ಮರೆಯಾಯಿತು. ನಮ್ಮ ಕಡೆ ಅದು ಬ್ಯಾಂಡಿಗೆ ಬಂದು, ಈಗ ಹಲಗೆಯ ಬಳೆಗೂ ಏರಿದೆ. ಬೆಂಕಿಯ ಮುಂದೆ ಹಲಗೆ ಕಾಯಿಸುವ ನೋಟ ಕಡಮೆಯಾಗುತ್ತಿದೆ.

ಇದನ್ನು ಕೇಳಿ ‘ಅಯ್ಯೋ ಪರಂಪರೆ ಹೋಯಿತು’ ಎನ್ನುವುದು ಸುಲಭ. ಹಾಗೆನ್ನುವವರು ಸಾಮಾನ್ಯವಾಗಿ ತೊಗಲು ಮುಟ್ಟದವರು. ಸತ್ತ ದನ ಹೊರುವುದು, ತಮಟೆ ಬಡಿಯುವುದು ಇವು ಕಲೆಯಾಗಿ ಮಾತ್ರ ಇರಲಿಲ್ಲ, ಬಿಟ್ಟಿಯಾಗಿದ್ದವು. ಹೊಡೆಯಲಾರೆನೆಂದವನಿಗೆ ಊರು ದಂಡ ಹಾಕುತ್ತಿತ್ತು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಚಾಕರಿಗಳನ್ನು ತೆಗೆದುಹಾಕುವ ಶಾಸನವಾದದ್ದು 1961ರಲ್ಲಿ. ಆಮೇಲೆ 1970ರ ದಶಕದ ದಲಿತ ಚಳವಳಿಯಲ್ಲಿ ಎಷ್ಟೋ ಕೇರಿಗಳು ತಮಟೆಯನ್ನು ಕೆಳಗಿಟ್ಟವು; ಎಷ್ಟೋ ಹಾಡುಗಾರರು ಅದೇ ತಮಟೆಯನ್ನು ಹೋರಾಟದ ಮುಂದೆ ಹಿಡಿದರು. ಎರಡೂ ನ್ಯಾಯವೇ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತು. ಪಂಚಮಹಾಶಬ್ದದ ತಮ್ಮಟಕ್ಕೆ ಮತ್ತೆ ಬಿರುದು ದೊರೆಯಿತು. ಈ ಸಲ ಅದು ಸೇರಿದ್ದು ಬಾರಿಸಿದವನನ್ನು.

ನೆರೆಮನೆಯ ಹುಡುಗ ಕೆಳಮುಖಕ್ಕೆ ತೆಳುವಾದ ಪ್ಲಾಸ್ಟಿಕ್ಕನ್ನೇ ಕೊಂಡನು. ಆ ಮುಖದ ದಪ್ಪ ಒಂದು ಅಂಗುಲದ ಸಾವಿರ ಪಾಲಿನಲ್ಲಿ ಮೂರೇ ಪಾಲು, ಮಿಲಿಮೀಟರಿನ ಹದಿಮೂರನೆಯ ಒಂದು ಭಾಗ. ಅಷ್ಟು ತೆಳುವಾದ ತೊಗಲನ್ನು ಹೆರೆಯುವುದು ದುಸ್ಸಾಧ್ಯ. ಮೇಲುಮುಖಕ್ಕೆ ಮಾತ್ರ ಮೇಕೆಯ ತೊಗಲು ಹಾಕಿಸಬೇಕೆಂದು ತಂದೆಯ ಇಚ್ಛೆ. ಕುರುಗೋಡಿನ ಆಚೆಯ ಒಂದು ಹಳ್ಳಿಯಲ್ಲಿ ಹಲಗೆ ಕಟ್ಟುವ ಮುದುಕರೊಬ್ಬರು ಇನ್ನೂ ಕೆಲಸ ಬಿಟ್ಟಿರಲಿಲ್ಲ. ಹುಡುಗ ಅವರನ್ನು ಮೋಟಾರ್ ಸೈಕಲ್ಲಿನಲ್ಲಿ ಕರೆತಂದನು. ಅವರು ಒಡಲನ್ನು ತಿರುಗಿಸಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, ತಗ್ಗಿನ ಬಳಿ ತಡೆದು ನೋಡಿ, ‘ಯಾರು ಕೆತ್ತಿದ್ದು?’ ಎಂದರು. ‘ನಾನೇ ತಾತ’ ಎಂದ ಹುಡುಗ. ಅವರು ಮತ್ತೇನೂ ಹೇಳಲಿಲ್ಲ. ಆ ಮೌನ ಹೊಗಳಿಕೆಯೆಂದು ಹುಡುಗ ತಿಳಿದುಕೊಂಡನು.

ತೊಗಲನ್ನು ನೀರಿನಲ್ಲಿ ನೆನೆಹಾಕಿದರು. ಮೆತ್ತಗಾದ ಮೇಲೆ ಒಳಬಳೆಯ ಸುತ್ತ ಮಡಚಿ, ಚಮಚದ ಹಿಡಿಯಿಂದ ಅಂಚನ್ನು ಒಳಕ್ಕೆ ಸಿಕ್ಕಿಸುತ್ತ ಬಂದರು. ಒಡಲಿನ ಮೇಲೆ ಕೂರಿಸಿ, ಬೋಲ್ಟುಗಳನ್ನು ಬೆರಳ ಬಿಗಿಯಷ್ಟೇ ತಿರುಗಿಸಿ ನೆರಳಿನಲ್ಲಿ ಇಟ್ಟರು. ‘ಬಿಸಿಲಿಗಿಟ್ಟರೆ ಬೇಗ ಒಣಗದೇ?’ ಎಂದು ನಾನು ಕೇಳಿದೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರವೇ! ‘ಮೊದಲು ನೆರಳು, ಆಮ್ಯಾಲ ಬಿಸಿಲು ಸಾರ್. ಅವಸರ ಮಾಡಿದ್ರ ಒಂದು ಮಗ್ಗಲು ಎಳದುಕೊಂತೈತಿ’ ಎಂದರು. ಪ್ಲಾಸ್ಟಿಕ್ಕಿನ ಮುಖವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದರು. ‘ಇದು ಮಳೆಗೆ ಅಂಜಂಗಿಲ್ಲ. ನಮ್ಮದು ಅಂಜತೈತಿ. ಅಂಜತೈತಿ ಅಂತ ನಮ್ಮನ್ನ ಕರೀತಿದ್ರು’ ಎಂದು ನಕ್ಕರು. ಮಕ್ಕಳು ಈ ಕೆಲಸ ಕಲಿತರೇ ಎಂದರೆ, ‘ಕಲೀಲಿಲ್ಲ, ನಾನೂ ಕಲಿಸಲಿಲ್ಲ’ ಎಂದರು. ಒಬ್ಬ ಮಗ ಜೀನ್ಸ್ ಹೊಲಿಯುವ ಕಡೆ ಇದ್ದಾನೆ, ಇನ್ನೊಬ್ಬ ಬಸ್ಸಿನ ಕಂಡಕ್ಟರ್. ಅದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ವ್ಯಸನವಲ್ಲ.

ಕೂಲಿಯ ಮಾತು ಬಂದಾಗ ಒಂದು ಸಣ್ಣ ಜಗ್ಗಾಟವಾಯಿತು. ಹುಡುಗ ಅಂಗಡಿಯ ಮುಖದ ಬೆಲೆಯ ಲೆಕ್ಕ ಹೇಳಿದ. ಮುದುಕರು ಅದು ಕಾರ್ಖಾನೆಯ ಲೆಕ್ಕ, ನಾನು ಎರಡು ದಿವಸ ಬಂದಿದ್ದೇನೆ ಎಂದರು. ತಂದೆ ಸಿರುಗುಪ್ಪದಿಂದ ಫೋನಿನಲ್ಲಿಯೇ ಮಗನನ್ನು ಗದರಿ, ಕೇಳಿದಷ್ಟು ಕೊಡಿಸಿದರು. ವಿಲಾಯತಿ ಡ್ರಮ್ಮುಗಳ ಮೈಮೇಲೆ ತಯಾರಿಸಿದವರ ಹೆಸರಿನ ಒಂದು ಲೋಹದ ಬಿಲ್ಲೆ ಇರುತ್ತದೆ. ಇದಕ್ಕೆ ಅಂಥ ಬಿಲ್ಲೆಯಿಲ್ಲ. ಕೆಳಮುಖ ಹಾಕುವ ಮುನ್ನ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖನ್ನೂ ತನ್ನ ಹೆಸರನ್ನೂ ಬರೆದಿದ್ದ ಹುಡುಗ, ತಾತನ ಹೆಸರು ಕೇಳಿ ಅದನ್ನೂ ಬರೆದನು. ‘ಯಾರು ನೋಡ್ತಾರಪ್ಪಾ ಅಲ್ಲಿ?’ ಎಂದರು ಅವರು. ‘ಮುಂದ ತೊಗಲು ಹರಿದಾಗ ಬಿಚ್ಚಿದವರು ನೋಡ್ತಾರ’ ಎಂದ.

ತಂತಿ ಬಿಗಿದು ಮೊದಲ ಪೆಟ್ಟು ಹಾಕಿದಾಗ ಬಂದ ದನಿ ಪ್ಲಾಸ್ಟಿಕ್ಕಿನಷ್ಟು ಚೂಪಾಗಿರಲಿಲ್ಲ. ತುಸು ಒಣ, ತುಸು ದಪ್ಪ, ಹುರಿದ ಕಡಲೆಯನ್ನು ಮೊರದ ಮೇಲೆ ಒಮ್ಮೆಲೆ ಸುರಿದ ಹಾಗೆ. ಆ ವರ್ಷದ ಆಷಾಢದ ತುಂತುರಿನಲ್ಲಿ ಅದು ಎರಡು ಬಾರಿ ಸಡಿಲಿತಂತೆ, ತಂದೆ ಚಹಾದಂಗಡಿಯ ಒಲೆಯ ಪಕ್ಕಕ್ಕೆ ಹಿಡಿದು ಸರಿಮಾಡಿಕೊಂಡರಂತೆ. ಟಾಮಿನ ಒಡಲಿನಲ್ಲಿ ಕೊಯ್ದು ಉಳಿದ ಎಂಟು ಅಂಗುಲದ ಕೊಳವೆ ನಮ್ಮ ಪಡಸಾಲೆಯ ಮೂಲೆಯಲ್ಲಿತ್ತು. ಮುದುಕರು ಹೊರಡುವಾಗ ಅದನ್ನು ಕೇಳಿ ತೆಗೆದುಕೊಂಡು, ಮೋಟಾರ್ ಸೈಕಲ್ಲಿನ ಮೇಲೆ ತೊಡೆಯ ಮೇಲಿಟ್ಟುಕೊಂಡು ಕುರುಗೋಡಿನ ಕಡೆಗೆ ಹೋದರು.